ಹದಿನಾಲ್ಕು ತುದಿಗಳು

ಹಾನಗಲ್
೬ ಫೆಬ್ರವರಿ ೧೯೪೪

ಪ್ರಾಣೇಶ,

ಲಕೋಟೆಯ ಮೇಲಿನ ಅಕ್ಷರ ನೋಡಿ ನೀನು ಇದನ್ನು ಒಡೆಯದೆ ಬದಿಗಿಟ್ಟರೆ ನಾನು ತಪ್ಪು ತಿಳಿಯಲಾರೆ. ಆರು ವರ್ಷ ಮಾತು ಬಿಟ್ಟವಳು ನಾನು. ನಿನ್ನ ಎರಡು ಕಾರ್ಡುಗಳಿಗೆ ಉತ್ತರ ಕೊಡದವಳೂ ನಾನೇ. ಒಡಹುಟ್ಟಿದವನ ಕ್ಷೇಮ ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲದ್ದರಿಂದ ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ.

ಎರಡು ವರ್ಷದಿಂದ ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿ. ಈಗಿರುವ ಕಟ್ಟಡವನ್ನು ಮೇ ಕೊನೆಗೆ ಬಿಟ್ಟುಕೊಡಬೇಕು. ಸಣ್ಣ ತರಗತಿಗಳಿಗೆ ಒಂದು ಮಠದ ಪಡಸಾಲೆ ಸಿಕ್ಕಿದೆ. ಐದರಿಂದ ಏಳನೆಯ ಇಯತ್ತೆಯ ನಲವತ್ತೆರಡು ಹುಡುಗಿಯರಿಗೆ ಜಾಗವಿಲ್ಲ. ಗೋಪಿಕಾಬಾಯಿ ಎಂಬ ವೃದ್ಧೆ, ಒಬ್ಬರೇ ಇರುವ ಮಡಿವಂತರು, ತಮ್ಮ ಮನೆಯ ಮಹಡಿಯನ್ನು ಬಾಡಿಗೆಯಿಲ್ಲದೆ ಕೊಡಲು ಮುಂದೆ ಬಂದಿದ್ದಾರೆ. ಐವತ್ತು ವರ್ಷದ ಹಿಂದೆ ಆ ಮನೆ ಹತ್ತಿಯ ವಖಾರಿಯಾಗಿತ್ತಂತೆ, ಅವರು ಅಲ್ಲಿಗೆ ಬಂದು ನಲವತ್ತು ವರ್ಷವಾಯಿತು. ಮಹಡಿಯ ನೆಲವನ್ನು ಹೊತ್ತಿರುವುದು ಏಳು ಕಬ್ಬಿಣದ ತೊಲೆಗಳು. ಅವುಗಳ ಮೇಲೆ ಫರ್ಸಿ ಕಲ್ಲು, ಕಲ್ಲಿನ ಮೇಲೆ ಗಚ್ಚು.

ಈ ನೆಲ ನಲವತ್ತೆರಡು ಮಂದಿಯ ಭಾರ ತಡೆಯುತ್ತದೆಂದು ಒಬ್ಬರು ಬರೆದುಕೊಡಬೇಕು. ಬಲ್ಲ ಓವರ್ಸಿಯರುಗಳೆಲ್ಲ ಯುದ್ಧದ ದೆಸೆಯಿಂದ ಲಷ್ಕರಿ ಕೆಲಸಕ್ಕೆ ಹೋಗಿದ್ದಾರೆ. ಮುಖ್ಯಾಧ್ಯಾಪಕಿಯ ಸಹಿಯಾದರೂ ನಡೆಯುತ್ತದೆಂದು ನಮ್ಮ ಕಮಿಟಿ ಗೊತ್ತುಮಾಡಿದೆ. ಹೊಸ ತೊಲೆ ಹಾಕಿಸೋಣವೆಂದರೆ ಪರ್ಮಿಟ್ ಇಲ್ಲದೆ ಮೊಳೆಯೂ ಸಿಗದ ಕಾಲ.

ಶಿಗ್ಗಾಂವಿಯ ನಮ್ಮ ಮನೆಯಲ್ಲಿ ನೀನು ನೋಡಿ ಪಾಸು ಮಾಡಿದ ಮಹಡಿ ಕುಸಿದೇ ನನ್ನ ಗಂಡ ಹೋದದ್ದು. ಹಾಗಿದ್ದೂ ನಿನ್ನನ್ನೇ ಕೇಳುತ್ತಿದ್ದೇನೆ. ಇದು ನಂಬಿಕೆಯೋ, ಬೇರೆ ದಾರಿ ಕಾಣದ್ದೋ, ನನಗೇ ತಿಳಿಯದು. ಬಾ ಎಂದು ಕರೆಯುವುದಿಲ್ಲ. ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂದಷ್ಟು ಬರೆ. ನೋಡುವವಳು ನಾನು. ಸಹಿಯೂ ನನ್ನದೇ.

ಮನೋರಮಾ


ಹಿರೇಕೆರೂರು
೧೫ ಫೆಬ್ರವರಿ ೧೯೪೪

ಅಕ್ಕನಿಗೆ ನಮಸ್ಕಾರ.

ಇಲಾಖೆ ನನ್ನನ್ನು ಓವರ್ಸಿಯರ್ ಕೆಲಸದಿಂದ ತೆಗೆದ ಮೇಲೆ ನಾನು ಯಾವ ಕಟ್ಟಡದ ಬಗ್ಗೆಯೂ ಯಾರಿಗೂ ಹೂಂ ಎಂದಿಲ್ಲ, ಉಹೂಂ ಎಂದೂ ಇಲ್ಲ. ಇಲ್ಲಿ ಹುಡುಗರಿಗೆ ಗಣಿತ ಕಲಿಸುತ್ತೇನೆ. ಹಲಗೆಯ ಮೇಲೆ ತಪ್ಪಿದರೆ ಒರೆಸಬಹುದು. ನೋಡುವ ಕ್ರಮವನ್ನಷ್ಟೇ ಬರೆಯುತ್ತೇನೆ. ಅಭಿಪ್ರಾಯ ಕೇಳಬೇಡ.

ಮೊದಲು ಅದು ಯಾವ ಲೋಹವೆಂದು ಗೊತ್ತಾಗಬೇಕು. ಐವತ್ತು ವರ್ಷದ ಹಿಂದೆ ಹಳೆಯ ಬಗೆಯ ಮೆದುಕಬ್ಬಿಣವೂ ಬರುತ್ತಿತ್ತು, ಉಕ್ಕೂ ಬರುತ್ತಿತ್ತು. ಸುಣ್ಣ ಬಳಿದರೆ ಎರಡಕ್ಕೂ ಒಂದೇ ಮುಖ. ತೊಲೆಯ ಆಕಾರ ಇಂಗ್ಲಿಷಿನ ‘ಐ’ ಅಕ್ಷರದಂತೆ: ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ನಿಂತ ತಗಡು. ಆ ನಿಂತ ತಗಡಿನ ಸುಣ್ಣವನ್ನು ಕೆರೆಸು. ಗಿರಣಿಯವರ ಹೆಸರು ಉಬ್ಬಕ್ಷರದಲ್ಲಿ ಇರಬಹುದು. ಇದ್ದರೂ ಅದನ್ನೇ ನಂಬಬೇಡ. ಗೋಡೆಯ ಹತ್ತಿರ, ಕೆಳಪಟ್ಟಿಯ ಅಂಚಿನಿಂದ ಉಳಿಯಲ್ಲಿ ಒಂದು ಚೂರು ಎಬ್ಬಿಸು. ನಡುಮಧ್ಯದಲ್ಲಿ ಬೇಡ, ಅಲ್ಲಿ ಅದರ ದುಡಿಮೆ ಹೆಚ್ಚು. ಉಕ್ಕಾದರೆ ಒಂದೇ ಸುರುಳಿಯಾಗಿ ಏಳುತ್ತದೆ. ಮೆದುಕಬ್ಬಿಣವಾದರೆ ಕಬ್ಬಿನ ಸಿಪ್ಪೆಯ ಹಾಗೆ ಎಳೆ ಎಳೆ ಬಿಡುತ್ತದೆ. ಉಕ್ಕು ಹೊರುವ ಭಾರದಲ್ಲಿ ಮೂರನೆಯ ಒಂದು ಪಾಲನ್ನು ಅದಕ್ಕೆ ಕಡಿಮೆ ಮಾಡಬೇಕು.

ಆಮೇಲೆ ತೊಲೆಯ ಎತ್ತರ, ಪಟ್ಟಿಯ ಅಗಲ, ದಪ್ಪ. ದಪ್ಪವನ್ನು ಸೂತಿನಲ್ಲಿ ಬರೆ. ಇಂಚಿನ ಎಂಟನೆಯ ಪಾಲು ಒಂದು ಸೂತು, ಬಡಿಗರಿಗೆ ಗೊತ್ತಿರುತ್ತದೆ. ತುಕ್ಕು ಕೆರೆದ ಮೇಲೆ ಅಳೆಸು. ತುಕ್ಕು ಉಬ್ಬುತ್ತದೆ, ಕಬ್ಬಿಣ ಬೆಳೆದಂತೆ ಕಾಣುತ್ತದೆ. ಕೆಳಪಟ್ಟಿಗೆ ಉದ್ದಕ್ಕೂ ದಾರ ಬಿಗಿದು ನಡುವೆ ಎಷ್ಟು ಬಾಗಿದೆ ನೋಡು.

ತುದಿಗಳನ್ನು ಕೊನೆಗೆ ಬರೆಯುತ್ತಿದ್ದೇನೆ. ಮೊದಲು ನೋಡಬೇಕಾದದ್ದು ಅವನ್ನೇ. ಗೋಡೆಯೊಳಗೆ ಹೊಕ್ಕ ಗೇಣುದ್ದದ ಮೇಲೆ ಎಲ್ಲವೂ ನಿಂತಿದೆ. ಗಾರೆ ಬಿಡಿಸಿ ದಬ್ಬಣದಿಂದ ಚುಚ್ಚಿ ನೋಡು.

ಪ್ರಾಣೇಶ


ಹಾನಗಲ್
೯ ಮಾರ್ಚ್ ೧೯೪೪

ಪ್ರಾಣೇಶ,

ನಿನ್ನ ಕಾಗದವನ್ನು ಕೈಯಲ್ಲಿ ಹಿಡಿದೇ ನೋಡಿದೆ. ಸವಣೂರಿನಿಂದ ಗೌಸಸಾಬ ಎಂಬ ಗೌಂಡಿಯನ್ನು ಕರೆಸಿದ್ದೆ. ಅರವತ್ತರ ಮೇಲಿನ ವಯಸ್ಸು, ಏಣಿಯ ಮೇಲೆ ಕುಳಿತೇ ಎಲೆ ಅಡಿಕೆ ಮೆಲ್ಲುವ ಮನುಷ್ಯ.

“ಬಾಯಾರ, ಹುಡುಗ್ಯಾರು ಕುಂದರೂದು ಮ್ಯಾಲ. ನೀವು ಯಾಕ ಕೆಳಗ ಕುತಗಿ ಎತ್ತಿ ನಿಂತೀರಿ?” ಎಂದ.

“ಕಬ್ಬಿಣದ ಜಾತಕ ಓದ್ಲಿಕ್ಕೆ ಹತ್ತೀನಿ.”

“ಓದ್ರಿ, ಓದ್ರಿ. ಲಗ್ನಕ್ಕ ಕೂಡತೈತೇನು ನೋಡ್ರಿ.”

ಎಂಟು ಪದರು ಸುಣ್ಣದ ಕೆಳಗೆ ಹೆಸರು ಸಿಕ್ಕಿತು. ಮೊದಲಿನ ಅಕ್ಷರಗಳು ಸವೆದಿವೆ. ಕೊನೆಯ ಪದ ‘ಸ್ಟೀಲ್’ ಎಂದು ಬೆರಳಿಗೇ ತಿಳಿಯುತ್ತದೆ. ಉಳಿಯಲ್ಲಿ ಎಬ್ಬಿಸಿದ ಚೂರು ಒಂದೇ ಸುರುಳಿಯಾಗಿ ಎದ್ದಿತು. ತೊಲೆಯ ಎತ್ತರ ಎಂಟು ಇಂಚು, ಪಟ್ಟಿಯ ಅಗಲ ನಾಲ್ಕು, ದಪ್ಪ ಮೂರು ಸೂತಿಗೆ ಸ್ವಲ್ಪ ಮೇಲೆ. ಗೋಡೆಯಿಂದ ಗೋಡೆಗೆ ಹದಿನಾಲ್ಕು ಅಡಿ. ತೊಲೆಯಿಂದ ತೊಲೆಗೆ ನಾಲ್ಕು ಅಡಿ. ಕಾಣುವಷ್ಟು ಉದ್ದದಲ್ಲಿ ಬಾಗು ಕಾಲಿಂಚನ್ನು ಮುಟ್ಟುವುದಿಲ್ಲ. ಬೀದಿಯ ಕಡೆಯ ಗೋಡೆಯಲ್ಲಿ ಏಳು ತುದಿಗಳನ್ನೂ ಬಿಡಿಸಿದೆವು. ದಬ್ಬಣ ಟಣ್ ಎಂದು ಹಿಂದೆ ಬಂತು.

ಪಶ್ಚಿಮದ ಗೋಡೆಯ ಕಡೆ ನೋಡಲಾಗಲಿಲ್ಲ. ಆ ಗೋಡೆಗೆ ಹೊಂದಿಕೊಂಡು ಐದಡಿ ಅಗಲದಷ್ಟನ್ನು ಹಲಗೆಯಿಂದ ಬೇರೆ ಮಾಡಿ ದೇವರ ಕೋಣೆ, ಮಡಿಯ ಅಡಿಗೆಮನೆ ಮಾಡಿಕೊಂಡಿದ್ದಾರೆ. ಅಲ್ಲಿ ಗೋಪಿಕಾಬಾಯಿಯವರ ಹೊರತು ಯಾರಿಗೂ ಪ್ರವೇಶವಿಲ್ಲ. ತಲೆ ಬೋಳಿಸಿಕೊಳ್ಳದ, ಇಂಗ್ಲಿಷ್ ಓದಿದ ನನ್ನಂಥ ವಿಧವೆಗಂತೂ ಇಲ್ಲವೇ ಇಲ್ಲ. ಆದರೆ ದೇವರ ತಲೆಯ ಮೇಲೆ ಯಾರೂ ನಡೆಯಬಾರದೆಂದು ಮಹಡಿಯಲ್ಲಿಯೂ ಅಷ್ಟು ಜಾಗಕ್ಕೆ ಕಟಕಟೆ ಹಾಕಿದೆ. ಹುಡುಗಿಯರು ಕಟಕಟೆಯ ಈಚೆಗೇ ಕೂರುತ್ತಾರೆ. ಆ ತುದಿಗಳ ಮೇಲೆ ಭಾರವೇ ಬೀಳುವುದಿಲ್ಲ. ಹೀಗಾಗಿ ಸಹಿ ಮಾಡಬಹುದೆಂದು ತೋರುತ್ತದೆ. ಶಾಲೆ ಜೂನ್ ಹನ್ನೆರಡಕ್ಕೆ ಆರಂಭ.

ಇನ್ನೊಂದು ಮಾತು. ವಿಧವೆಯ ಹೆಸರಿನ ಹಿಂದೆ ಎಲ್ಲರೂ ಬರೆಯುವ ‘ಗಂ. ಭಾ.’, ಆ ಗಂಗಾ ಭಾಗೀರಥಿ, ನಿನ್ನ ಲಕೋಟೆಯ ಮೇಲೆ ಇರಲಿಲ್ಲ. ಮರೆತೆಯೋ, ಕೈ ಬರಲಿಲ್ಲವೋ?

ಮನೋರಮಾ


ಹಿರೇಕೆರೂರು
೧೬ ಮಾರ್ಚ್ ೧೯೪೪

ಅಕ್ಕ,

ಕೈ ಬರಲಿಲ್ಲ.

ಸಹಿ ಮಾಡಬೇಡ. ಅಭಿಪ್ರಾಯ ಕೊಡುವುದಿಲ್ಲವೆಂದಿದ್ದೆ, ಇದೊಂದನ್ನು ಕೊಡುತ್ತಿದ್ದೇನೆ. ನಿನ್ನ ಅಳತೆಗಳು ಚೆನ್ನಾಗಿವೆ. ಅದು ಉಕ್ಕು ಹೌದು, ಆ ಮೈಕಟ್ಟಿಗೆ ನಲವತ್ತೆರಡು ಹುಡುಗಿಯರು ಭಾರವೂ ಅಲ್ಲ. ಆದರೆ ಗಿರಣಿಯ ಹೆಸರು ತೊಲೆ ಹುಟ್ಟಿದ ಮನೆಯನ್ನು ಹೇಳುತ್ತದೆ, ಈಗಿನ ಆರೋಗ್ಯವನ್ನು ಹೇಳುವುದಿಲ್ಲ. ಏಳು ತೊಲೆಗೆ ಹದಿನಾಲ್ಕು ತುದಿ. ನೀನು ಬರೆದದ್ದು ಏಳರ ಸುದ್ದಿ.

ಕಟಕಟೆಯ ಈಚೆ ಕುಳಿತರೆ ಆಚೆಯ ತುದಿಗೆ ಭಾರವಿಲ್ಲವೆಂದು ಬರೆದಿದ್ದೀಯೆ. ಪಲ್ಲಕ್ಕಿಯಲ್ಲಿ ದೇವರು ಮುಂದಿನವನ ಕಡೆಗೆ ಸ್ವಲ್ಪ ವಾಲಿ ಕುಳಿತಿದ್ದಾನೆಂದು ಹಿಂದಿನವನು ಹೆಗಲು ತೆಗೆದರೆ ಏನಾಗುತ್ತದೆ? ಅವನ ಪಾಲು ಕಡಿಮೆ ಇರಬಹುದು. ಇಲ್ಲದೆ ಇರುವುದಿಲ್ಲ.

ಒಂದನ್ನು ಗೋಪಿಕಾಬಾಯಿಯವರಿಂದ ಕೇಳಿ ತಿಳಿ. ಮಡಿ ಸೀರೆ ಒಣಗಿಸುವ ಗಳ ಎಲ್ಲಿದೆ? ಯಾರ ಮೈಯೂ ತಾಗಬಾರದೆಂದು ಅದನ್ನು ಛಾವಣಿಯ ಹತ್ತಿರಕ್ಕೆ ಏರಿಸಿ, ತೊಲೆಯ ತುದಿಗಳ ಸಾಲಿನಲ್ಲೇ ಗೋಡೆಗೆ ಹುಗಿದಿರುತ್ತಾರೆ. ಕೋಲಿನಿಂದ ಎತ್ತಿ ಹಾಕಿದ ಒದ್ದೆ ಸೀರೆ ದಿನವೂ ಅಲ್ಲಿ ತೂಗುತ್ತದೆ. ನಲವತ್ತು ವರ್ಷ ಆ ಗೋಡೆಯ ತಲೆ ಒಣಗಿರುವುದಿಲ್ಲ.

ಶಿಗ್ಗಾಂವಿಯಲ್ಲಿಯೂ ನಾನು ಒಂದೇ ಕಡೆಯ ತುದಿಗಳನ್ನು ನೋಡಿದ್ದೆ.

ಪ್ರಾಣೇಶ


ಹಾನಗಲ್
೨ ಮೇ ೧೯೪೪

ಪ್ರಾಣೇಶ,

ನಿನ್ನ ಕೊನೆಯ ಸಾಲಿಗೆ ಉತ್ತರ ಬರೆಯಲು ನನಗೆ ಒಂದೂವರೆ ತಿಂಗಳು ಬೇಕಾಯಿತು.

ಮೊದಲು ಇಲ್ಲಿಯದು. ಗಳ ನೀನು ಹೇಳಿದಲ್ಲಿಯೇ ಇದೆ. ಒಳಗೆ ಬಂದು ನೋಡಲೇ ಎಂದು ಗೋಪಿಕಾಬಾಯಿಯವರನ್ನು ಹಲಗೆಯ ಈಚೆಯಿಂದ ಕೇಳಿದೆ. “ಅಟ್ಟಾ ಕೊಟ್ಟೀನಿ, ಓಣೀ ಬಾಗಲಾ ಕೊಟ್ಟೀನಿ. ಈಗ ದೇವರ ಖೋಲಿ ಕೇಳ್ತಿ. ನಾಳೆ ನನ್ನ ಜಪದ ಮಣೀನೂ ಕೇಳ್ತಿ,” ಎಂದು ಚಿಲಕ ಹಾಕಿಕೊಂಡರು. ಕಮಿಟಿಯ ಅಧ್ಯಕ್ಷರಾದ ವಿಠ್ಠಲರಾಯರು ವಾರಕ್ಕೊಮ್ಮೆ ಬಂದು ಕಾಗದ ಮುಂದಿಡುತ್ತಾರೆ. “ನಲವತ್ತು ವರ್ಷ ಬೀಳಲಾರದ್ದು ಈ ಜೂನಿನ್ಯಾಗ ಬೀಳತದೇನ್ರಿ, ಬಾಯಾರ? ನಿಮಗ ಸಹಿ ಬರತದೋ ಇಲ್ಲೋ ಅಂತ ಊರಾಗ ಕೇಳ್ಲಿಕ್ಕೆ ಹತ್ಯಾರ.” ನಿನ್ನೆ ನಾನು ಟಾಕನ್ನು ಮಸಿಯಲ್ಲಿ ಅದ್ದಿಯೂ ಆಗಿತ್ತು. ‘ಮ’ ಅಕ್ಷರ ಬರೆದು ನಿಲ್ಲಿಸಿದೆ.

ನಿಂತದ್ದು ಧೈರ್ಯದಿಂದಲ್ಲ. ಆ ಅಕ್ಷರ ಬರೆಯುವಾಗ ಇನ್ನೊಂದು ಸಹಿ ನೆನಪಾಯಿತು.

ಶಿಗ್ಗಾಂವಿಯಲ್ಲಿ ನೀನು ಮಹಡಿ ನೋಡಲು ಬಂದ ದಿನ. ಇವರು ಜೋಳದ ಚೀಲಗಳನ್ನು ಮೇಲೆ ಒಟ್ಟಬೇಕೆಂದಿದ್ದರು. ನೀನು ಪಡಸಾಲೆಯ ಕಡೆಯ ತುದಿಗಳನ್ನು ನೋಡಿ, ಬೂಟು ಕಳಚಿ, ಕೈಯಲ್ಲಿ ಸುತ್ತಿಗೆ ಹಿಡಿದು ದೇವರ ಕೋಣೆಯ ಹೊಸ್ತಿಲಿಗೆ ಬಂದೆ. ಅತ್ತೆಯವರು ಒಳಗೆ ಮಡಿಯಲ್ಲಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. “ಮೈಲಿಗಿ ಅರಿವ್ಯಾಗ ಒಳಗ ಬರಬ್ಯಾಡೋ, ನನ್ನ ಬೈಸಬ್ಯಾಡ. ಅಲ್ಲೇನದ, ಮ್ಯಾಲ ಯಾರೂ ಕಾಲಿಡೂದಿಲ್ಲ,” ಎಂದೆ. ನೀನು ತಿರುಗಿ ಹೋದೆ. ಆ ಗೋಡೆಯ ಗಳದ ಮೇಲೆ ದಿನವೂ ಒದ್ದೆ ಸೀರೆ ಎತ್ತಿ ಹಾಕುತ್ತಿದ್ದ ಕೈ ನನ್ನದು.

ಇವರು ಹೋದ ಮೇಲೆ ಪಂಚರು ಕೇಳಿದರು: “ಓವರ್ಸಿಯರು ಎಲ್ಲಾ ಖೋಲಿ ನೋಡಿದ್ರೇನ್ರಿ?” ನಾನು “ನೋಡಿದರು” ಎಂದೆ, ಸಹಿ ಹಾಕಿದೆ. ದುಃಖದಲ್ಲಿ ಮರೆತೆನೆಂದು ಇಷ್ಟು ವರ್ಷ ನನಗೇ ಹೇಳಿಕೊಂಡೆ. ಮರೆತಿದ್ದರೆ ನಿನ್ನ ಕಾರ್ಡುಗಳಿಗೆ ಉತ್ತರ ಬರೆಯುತ್ತಿದ್ದೆನಲ್ಲವೇ? ನಿನ್ನ ಮೇಲಿನ ಸಿಟ್ಟನ್ನು ಆರದಂತೆ ಕಾಯ್ದುಕೊಂಡದ್ದು, ಆ ಹೊಸ್ತಿಲು ನೆನಪಾಗಬಾರದೆಂದು ಇರಬಹುದು.

ನೀನು ಅಲ್ಲೇ ನಿಂತಿದ್ದೆ. ಯಾಕೆ ಸುಮ್ಮನಿದ್ದೆ?

ಮನೋರಮಾ


ಹಿರೇಕೆರೂರು
೭ ಮೇ ೧೯೪೪

ಅಕ್ಕ,

ನೀನು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದೆ. ಭಾವ ಹೋಗಿ ಹನ್ನೊಂದು ದಿನವಾಗಿತ್ತು. ಆಗ ಬಾಯಿ ತೆರೆಯುವುದಾಗಲಿಲ್ಲ. ಆಮೇಲೆ ತೆರೆಯಬಾರದೆಂದುಕೊಂಡೆ. ಇದನ್ನು ತ್ಯಾಗವೆಂದು ತಿಳಿದರೆ ನನಗೆ ಸಿಟ್ಟು ಬರುತ್ತದೆ. ಈ ಮಾತು ಇಲ್ಲಿಗೆ ಸಾಕು. ಜೂನ್ ಹನ್ನೆರಡಕ್ಕೆ ಒಂದು ತಿಂಗಳಿದೆ.

ಗೋಪಿಕಾಬಾಯಿಯವರಿಗೆ ಏನೆಂದು ಕೇಳಿದೆ? ‘ಒಳಗೆ ಬರಲೇ’ ಎಂದು ಕೇಳಿದೆ. ಅದಕ್ಕೆ ಅವರು ಬೇಡವೆಂದರು. ಅವರು ದಿನವೂ ಜಪಕ್ಕೆ, ಅಡಿಗೆಗೆ ಕೂರುವುದು ಆ ತುದಿಗಳ ಕೆಳಗೇ. ಆ ಮಾತನ್ನು ಅವರಿಗೆ ಯಾರಾದರೂ ಹೇಳಿದ್ದಾರೆಯೇ? ಮಡಿಯವರ ಹತ್ತಿರ ನಾವು ಅಪ್ಪಣೆ ಕೇಳುತ್ತೇವೆ, ಸುದ್ದಿ ಹೇಳುವುದಿಲ್ಲ. ಶಿಗ್ಗಾಂವಿಯಲ್ಲಿ ನಾನು ಅಪ್ಪಣೆಯನ್ನೂ ಕೇಳಲಿಲ್ಲ.

ಮೊದಲ ಮಳೆಗೆ ಗಚ್ಚು ನೀರು ಕುಡಿದು ಭಾರವಾಗುತ್ತದೆ. ಅದಕ್ಕೆ ಮುಂಚೆ ನೋಡಿಸು.

ಪ್ರಾಣೇಶ


ಹಾನಗಲ್
೨೮ ಮೇ ೧೯೪೪

ಪ್ರಾಣೇಶ,

ಹೇಳಿದೆ. ಶಿಗ್ಗಾಂವಿಯದನ್ನೂ ಹೇಳಿದೆ, ಬಾಗಿಲಲ್ಲಿ ನಿಂತವಳು ಯಾರೆಂಬುದನ್ನು ಸಹ. ಹಲಗೆಯ ಆಚೆಯಿಂದ ಗೋಪಿಕಾಬಾಯಿಯವರು, “ನಿನ್ನ ಗಂಡಗ ಎಷ್ಟು ವಯಸ್ಸಾಗಿತ್ತು?” ಎಂದರು. ನಲವತ್ತೊಂದು ಎಂದೆ. “ಗೌಂಡಿನ್ನ ನಾಳೆ ಕರಸು,” ಎಂದರು.

ಮರುದಿನ ಚಿಲಕ ತೆಗೆದಾಗ ಅವರ ಕೈಯಲ್ಲಿ ದೇವರನ್ನಿಟ್ಟ ಸಂಪುಟ ಇತ್ತು. ಅದನ್ನು ಹೊರಗಿನ ಪಡಸಾಲೆಯಲ್ಲಿ ಮಣೆಯ ಮೇಲಿಟ್ಟು ಪಕ್ಕದಲ್ಲಿ ಕುಳಿತರು. ಗೌಸಸಾಬ ಏಣಿ ಹೊತ್ತು ಹೊಸ್ತಿಲಲ್ಲೇ ನಿಂತುಬಿಟ್ಟ.

“ಒಳಗ ಹೋಗೋ ಮಾರಾಯಾ. ನಿನ್ನ ಸಲುವಾಗೇ ಅವನ್ನ ಎಬ್ಬಿಸೀನಿ.”

“ನಾ ಹೆಂಗ ಹೋಗ್ಲ್ರಿ, ಅಜ್ಜ್ಯಾರ? ದೇವರ ಖೋಲಿ ಐತಿ.”

“ದೇವರು ಹೊರಗ ಬಂದ ಮ್ಯಾಲ ಅದು ಬರೇ ಖೋಲಿ. ನಡಿ.”

ಎಷ್ಟು ಸರಳವಾಗಿತ್ತು, ಪ್ರಾಣೇಶ. ನನ್ನ ಅತ್ತೆಯವರನ್ನೂ ಹೀಗೆ ಕೇಳಬಹುದಿತ್ತು. ಅವರು ಇಲ್ಲವೆನ್ನುತ್ತಿದ್ದರೆಂದು ನಾನು ಹೇಗೆ ಖಚಿತವಾಗಿ ತಿಳಿದಿದ್ದೆ?

ಮೊದಲ ಎರಡು ತುದಿ ಗಟ್ಟಿ. ಮೂರನೆಯದಕ್ಕೆ ದಬ್ಬಣ ಇಟ್ಟು ಗೌಸಸಾಬ ತಟ್ಟಿದ. ಸದ್ದೇ ಬರಲಿಲ್ಲ. ದಬ್ಬಣ ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆಳೆದಾಗ ಹಳೆಯ ಪಂಚಾಂಗದ ಹಾಳೆಗಳಂತೆ ತುಕ್ಕಿನ ಪದರುಗಳು ನನ್ನ ಸೆರಗಿನ ಮೇಲೆ ಬಿದ್ದವು. ನಾಲ್ಕು, ಐದು, ಆರನೆಯದೂ ಹಾಗೆಯೇ. ಐದನೆಯದರ ನಿಂತ ತಗಡಿನಲ್ಲಿ ನನ್ನ ಹೆಬ್ಬೆರಳು ಹಾಯುವಷ್ಟು ತೂತು. ಏಳನೆಯದು ಗಟ್ಟಿ. ಗಳ ಇರುವುದು ಮೂರರಿಂದ ಆರರವರೆಗೆ.

ಗೌಸಸಾಬ ಕೆಳಗಿಳಿದು ಮುಖ ಒರೆಸಿಕೊಂಡ. “ಬಾಯಾರ, ಇಷ್ಟು ದಿನ ಇದನ್ನ ಹಿಡದದ್ದು ಗಾರಿ ಅಲ್ಲರಿ. ಈ ಅಜ್ಜ್ಯಾರ ಜಪ.”

“ಹಂಗಾರ ಜಪಾ ಬಿಡೂದಿಲ್ಲ. ನೀ ಕಂಬಾ ಹಚ್ಚು,” ಎಂದರು ಗೋಪಿಕಾಬಾಯಿ.

ಅವರು ಈಗ ಬೀದಿಯ ಕಡೆಯ ಕೋಣೆಯಲ್ಲಿದ್ದಾರೆ. ಹಾಳಾದ ತುದಿಗಳ ಕೆಳಗೆ ಒಂದು ಸಾಗವಾನಿ ತೊಲೆ ಅಡ್ಡ ಕೊಟ್ಟು, ಅದಕ್ಕೆ ನಾಲ್ಕು ಜಾಲಿ ಕಂಬ ಹಚ್ಚಿದೆ. ಇನ್ನು ಹುಡುಗಿಯರನ್ನು ಕೂಡಿಸಬಹುದಲ್ಲ ಎಂದು ವಿಠ್ಠಲರಾಯರು ಆ ಸಂಜೆಯೇ ಬಂದರು. ಆ ಕಂಬಗಳ ಶಕ್ತಿ ನನಗೆ ಗೊತ್ತಿಲ್ಲ ಎಂದೆ. ಕಾಗದದ ಮೇಲೂ ‘ಏಳರಲ್ಲಿ ನಾಲ್ಕು ತೊಲೆಗಳ ತುದಿ ಹಾಳಾಗಿದೆ, ಕಂಬಗಳ ಶಕ್ತಿ ತಿಳಿಯದು, ಮಹಡಿಯನ್ನು ಬಳಸಕೂಡದು’ ಎಂದೇ ಬರೆದು ಪೂರ್ತಿ ಸಹಿ ಮಾಡಿದೆ. ಬೇರೆ ಜಾಗ ಸಿಗುವತನಕ ಮೂರು ಇಯತ್ತೆಗಳನ್ನು ಮುಚ್ಚುವುದಾಗಿ ಕಮಿಟಿ ಠರಾವು ಮಾಡಿದೆ. ಒಂಬತ್ತು ಹುಡುಗಿಯರ ಹೆಸರನ್ನು ಮನೆಯವರು ಆಗಲೇ ತೆಗೆಸಿದರು. ಅವರಲ್ಲಿ ಇಬ್ಬರಿಗೆ ವರ ನೋಡುತ್ತಿದ್ದಾರೆ. ಏಳನೆಯ ಇಯತ್ತೆಯ ಸುಮನ್ ಮನೆಗೆ ಬಂದು, “ಬಿದ್ದರ ಬೀಳಲಿ, ನಾ ಕುಂದರ್ತೀನಿ, ಬಾಯಾರ,” ಎಂದಳು.

ಇದರೊಂದಿಗೆ ನಾನು ನಿನ್ನ ಇಲಾಖೆಗೆ ಬರೆದ ಹೇಳಿಕೆಯ ನಕಲು ಇದೆ. ಪಂಚರ ಮುಂದೆ ನಾನು ಹೇಳಿದ್ದು ಸುಳ್ಳೆಂದು, ನಿನ್ನನ್ನು ಬಾಗಿಲಲ್ಲಿ ತಡೆದವಳು ನಾನೆಂದು ಅದರಲ್ಲಿದೆ. ಕೆಲಸ ಮರಳಿ ಕೊಡುವರೋ ಇಲ್ಲವೋ ತಿಳಿಯದು. ಕಳಿಸುವ ಮುಂಚೆ ನೀನು ನೋಡು. ಅಳತೆ ನೋಡುವ ಹಾಗೆ ನೋಡು, ತಮ್ಮನಾಗಿ ಬೇಡ.

ನಿನ್ನ ಅಕ್ಕ,
ಮನೋರಮಾ


ಹಿರೇಕೆರೂರು
೪ ಜೂನ್ ೧೯೪೪

ಅಕ್ಕ,

ನೋಡಿದೆ. ದಿನಾಂಕ ಸರಿ, ಚೀಲಗಳ ಲೆಕ್ಕ ಸರಿ, ನೀನು ಆಡಿದ ಮಾತೂ ಹೆಚ್ಚುಕಡಿಮೆ ಅದೇ. ಒಂದು ಕಡೆ ಕೊರತೆಯಿದೆ.

ನೀನು ಬೇಡವೆಂದದ್ದು ನಿಜ. ಆದರೆ ನಾನು ಆ ದಿನ ನಿನ್ನ ತಮ್ಮನಾಗಿ ಮಾತ್ರ ಬಂದಿರಲಿಲ್ಲ. ‘ದೇವರ ಕೋಣೆಯ ಕಡೆಯ ತುದಿಗಳನ್ನು ನೋಡಿಲ್ಲ’ ಎಂದು ಪಾಸು ಮಾಡಿದ ಚೀಟಿಯಲ್ಲಿ ಒಂದು ಸಾಲು ಬರೆಯಲು ಯಾರ ಮಡಿಯೂ ಅಡ್ಡ ಬರುತ್ತಿರಲಿಲ್ಲ. ಭಾವನಿಗೆ ಅವಸರವಿತ್ತು, ಎಲೆ ಹಾಕಿತ್ತು, ನಾನು ‘ಎಲ್ಲ ಸರಿ’ ಎಂದು ಬರೆದು ಕೈ ತೊಳೆದು ಊಟಕ್ಕೆ ಕುಳಿತೆ. ಆರು ವರ್ಷ ನಾನು ಸುಮ್ಮನಿದ್ದದ್ದು ನಿನ್ನನ್ನು ಉಳಿಸಲಿಕ್ಕೆ ಎಂದು ನನಗೂ ಅನ್ನಿಸಿತ್ತು. ಆದರೆ ಅಂದು ನಾನು ಬಾಯಿಬಿಟ್ಟಿದ್ದರೆ ಮುಂದಿನ ಪ್ರಶ್ನೆ ನನ್ನ ಚೀಟಿಯದೇ ಆಗುತ್ತಿತ್ತು.

ಆದ್ದರಿಂದ ಹೇಳಿಕೆಗೆ ಈ ವಾಕ್ಯ ಸೇರಿಸು: ‘ಓವರ್ಸಿಯರನು ಆ ತುದಿಗಳನ್ನು ನೋಡದೆಯೇ ಎಲ್ಲ ಸರಿಯೆಂದು ಬರೆದನು.’ ಸೇರಿಸಿದರೆ ನನಗೆ ಕೆಲಸ ಮರಳಿ ಸಿಗುವುದಿಲ್ಲ. ಸೇರಿಸದೆ ಕಳಿಸಬೇಡ. ಕೆಳಗೆ ಎರಡು ಸಹಿಗೆ ಜಾಗ ಬಿಡು.

ಜಾಲಿ ಕಂಬಗಳ ಮಾತು. ಅಡ್ಡ ಕೊಟ್ಟ ತೊಲೆಯ ದಪ್ಪವೆಷ್ಟು, ಕಂಬದ ಬುಡಕ್ಕೆ ಕಲ್ಲು ಇದೆಯೇ, ಹಾಳಾಗದ ಉಕ್ಕು ಎಲ್ಲಿಂದ ಶುರುವಾಗುತ್ತದೆ, ಇವನ್ನು ಕಾಗದದಲ್ಲಿ ಕೇಳಿ ತಿಳಿಯಲಾಗದು. ಮಂಗಳವಾರದ ಇದ್ದಿಲು ಬಸ್ಸಿಗೆ ಬರುತ್ತೇನೆ. ಹದಿನಾಲ್ಕನ್ನೂ ನಾನೇ ನೋಡುತ್ತೇನೆ, ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು ಬರೆಯುತ್ತೇನೆ. ಹುಡುಗಿಯರು ಕೂರಬಹುದಾದರೆ ಕೂರಬಹುದು ಎಂದು. ಆಗದಿದ್ದರೆ ಆಗದು ಎಂದು, ಆ ಸುಮನ್ ನನ್ನ ಮುಂದೆಯೇ ಬಂದು ನಿಂತಿದ್ದರೂ.

ಪ್ರಾಣೇಶ